ಕೈ ಬೀಸಿಕೊಂಡು ಪೇಟೆಗೆ ಹೋಗಬೇಡಿ: ಮುಂಬಯಿ ಮನೆಯಲ್ಲಿ ಪ್ಲಾಸ್ಟಿಕ್ ಕಡಿಮೆ ಮಾಡುವ ದಾರಿ

ನಮ್ಮ ಮುಲುಂಡ್ ಮನೆಯ ಅಡುಗೆಮನೆ ಬಾಗಿಲ ಹಿಂದೆ ಒಂದು ಮೊಳೆ ಇದೆ. ಆ ಮೊಳೆಗೆ ಹಳೆಯ ಅಕ್ಕಿ ಚೀಲವೊಂದು ನೇತಾಡುತ್ತಿತ್ತು. ಅದರ ತುಂಬ ಪ್ಲಾಸ್ಟಿಕ್ ಚೀಲಗಳು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದೆ, ಅಲ್ವಾ? ಬೇಕಾದೀತು ಅಂತ ಮಡಚಿ ಮಡಚಿ ತುರುಕುತ್ತೇವೆ. ಮೂರು ವರ್ಷದ ಹಿಂದೆ ಚೌತಿಗೆ ಮನೆ ಒರೆಸುವಾಗ ಭಾರಕ್ಕೆ ಮೊಳೆಯೇ ಕಿತ್ತು ಬಂತು. ಎಲ್ಲವನ್ನೂ ನೆಲಕ್ಕೆ ಸುರಿದು ಎಣಿಸಿದೆ. 163.

ಅದರಲ್ಲಿ ಒಂದನ್ನೂ ನಾನು ಬಾಯಿಬಿಟ್ಟು ಕೇಳಿ ತಂದಿರಲಿಲ್ಲ. ನಾನು ಕೈ ಬೀಸಿಕೊಂಡು ಪೇಟೆಗೆ ಹೋಗಿದ್ದೆ, ಅವು ಕೈಗೆ ಬಂದಿದ್ದವು. ಅಷ್ಟೇ. ಆಮೇಲೆ ಗೊತ್ತಾದದ್ದು ಏನೆಂದರೆ, ಮನೆಗೆ ಬರುವ ಪ್ಲಾಸ್ಟಿಕ್‌ನಲ್ಲಿ ಹೆಚ್ಚಿನ ಪಾಲು ಬರುವುದು ನಮಗೆ ಅದು ಬೇಕು ಅಂತ ಅಲ್ಲ, ನಮ್ಮ ಕೈ ಖಾಲಿ ಇತ್ತು ಅಂತ. ಹಾಗಾಗಿ ಈ ಬರಹದಲ್ಲಿ ಇರುವುದೆಲ್ಲ ಕೈ ಖಾಲಿ ಇರದ ಹಾಗೆ ನೋಡಿಕೊಳ್ಳುವ ಉಪಾಯಗಳು.

ಪ್ಲಾಸ್ಟಿಕ್ಕನ್ನು ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ಮುಂಬಯಿಯ ಜುಲೈ ತಿಂಗಳಲ್ಲಿ ರೇನ್‌ಕೋಟ್ ಇಲ್ಲದೆ ಲೋಕಲ್ ಹತ್ತಿ ನೋಡಿ, ಆಮೇಲೆ ಮಾತಾಡೋಣ.

ಮೊದಲ ಹೆಜ್ಜೆ: ಒಂದು ವಾರ ಏನೂ ಮಾಡಬೇಡಿ

ಸುಮ್ನೆ ನೋಡಿ. ಬಾಲ್ಕನಿಯಲ್ಲೋ ಬಚ್ಚಲ ಮೂಲೆಯಲ್ಲೋ ಒಂದು ಬುಟ್ಟಿ ಇಡಿ. ಮನೆಯಿಂದ ಹೊರಗೆ ಹೋಗಬೇಕಾದ ಪ್ಲಾಸ್ಟಿಕ್ಕನ್ನೆಲ್ಲ ತೊಳೆದು, ನೀರು ಸೋರಿಸಿ, ಅದರಲ್ಲಿ ಹಾಕಿ. ಭಾನುವಾರ ನೆಲಕ್ಕೆ ಸುರಿದು ಗುಂಪು ಮಾಡಿ. ನಮ್ಮ ಮನೆಯ ಗುಂಪುಗಳು ಹೀಗಿದ್ದವು: ಹಾಲಿನ ಪೊಟ್ಟಣ 14, ತರಕಾರಿ ಮತ್ತು ಹಣ್ಣಿನ ಚೀಲ 19, ಹೋಟೆಲ್ ಪಾರ್ಸೆಲ್‌ನ ಡಬ್ಬಿ ಮತ್ತು ಚಟ್ನಿ ಪೊಟ್ಟಣ 11, ಬಿಸ್ಕತ್ತು, ಚಿಪ್ಸ್ ಇತ್ಯಾದಿ 16. ಶಾಂಪೂ ಬಾಟಲಿ, ಟೂತ್‌ಪೇಸ್ಟ್ ಟ್ಯೂಬು ಎಲ್ಲ ಸೇರಿ ಮೂರು.

ಅಲ್ಲಿಯವರೆಗೆ ನಾನು ಬಿದಿರಿನ ಟೂತ್‌ಬ್ರಶ್ ತರಬೇಕು ಅಂತ ತಲೆ ಕೆಡಿಸಿಕೊಂಡಿದ್ದೆ! ವರ್ಷಕ್ಕೆ ನಾಲ್ಕು ಬ್ರಶ್ ಉಳಿಸುವ ಯೋಚನೆ, ಆ ಕಡೆ ವಾರಕ್ಕೆ 19 ಚೀಲ. ಎಣಿಸದೆ ಹೊರಟರೆ ಆಗುವುದೇ ಇದು. ನಿಮ್ಮ ಮನೆಯ ದೊಡ್ಡ ಗುಂಪು ಯಾವುದು ನೋಡಿ, ಅಲ್ಲಿಂದ ಶುರು ಮಾಡಿ.

ಎರಡನೇ ಹೆಜ್ಜೆ: ಭಂಗಾರ್‌ವಾಲಾನ ಹತ್ತಿರ ಪಾಠ ಹೇಳಿಸಿಕೊಳ್ಳಿ

ಗುಂಪು ಮಾಡಿದ್ದನ್ನು ಹಾಗೇ ಕಟ್ಟಿ ನಮ್ಮ ಗಲ್ಲಿಯ ಗುಜರಿ ಕೊಳ್ಳುವ ಭಂಗಾರ್‌ವಾಲಾನ ಹತ್ತಿರ ಒಯ್ದೆ. ಅವನು ತಕ್ಕಡಿ ಮುಟ್ಟುವ ಮೊದಲೇ ಎರಡು ಪಾಲು ಮಾಡಿದ. ಕೈ ಎಷ್ಟು ಬೇಗ ಓಡಿತು ಅಂದರೆ ನಾನು ಕೇಳುವಷ್ಟರಲ್ಲಿ ಕೆಲಸ ಮುಗಿದಿತ್ತು. ನೀರಿನ ಬಾಟಲಿ, ಶಾಂಪೂ ಬಾಟಲಿ, ಒಡೆದ ಮಗ್ಗು, ಹಾಲಿನ ಪೊಟ್ಟಣ ಈ ಕಡೆ. ಚಿಪ್ಸ್ ಪ್ಯಾಕೆಟ್ಟು, ಸ್ಯಾಶೆ, ಥರ್ಮೋಕೋಲ್, ಈರುಳ್ಳಿ ಸಿಪ್ಪೆಯಂಥ ತೆಳು ಚೀಲ ಆ ಕಡೆ. ಆ ಕಡೆಯದ್ದನ್ನು ನನಗೇ ವಾಪಸ್ ಕೊಟ್ಟ. "ಯೇ ನಹೀ ಚಲ್ತಾ."

ಯಾಕೆ ನಡೆಯುವುದಿಲ್ಲ? ಚಿಪ್ಸ್ ಪ್ಯಾಕೆಟ್ಟಿನಲ್ಲಿ ಒಂದೇ ವಸ್ತು ಇರುವುದಿಲ್ಲ. ಬೇರೆ ಬೇರೆ ಪ್ಲಾಸ್ಟಿಕ್ ಪದರ, ಜೊತೆಗೆ ಅಲ್ಯುಮಿನಿಯಂ ಲೇಪ, ಎಲ್ಲ ಅಂಟಿಕೊಂಡಿರುತ್ತವೆ. ಬಿಡಿಸುವ ಖರ್ಚು ಮಾಲಿಗಿಂತ ಜಾಸ್ತಿ. ಒಂದೇ ಜಾತಿಯದಾದರೆ ಬೆಲೆ ಇದೆ. ಡಬ್ಬದ ತಳದಲ್ಲಿ ಬಾಣಗಳ ತ್ರಿಕೋನದೊಳಗೆ ಒಂದು ಅಂಕೆ ಇರುತ್ತದೆ ನೋಡಿ. 1 ಅಂದರೆ ಪೆಟ್, ನೀರಿನ ಬಾಟಲಿಯದು. 2 ಮತ್ತು 4 ಎರಡೂ ಪಾಲಿಥೀನ್: ಗಟ್ಟಿಯಾದದ್ದು 2, ಮೆತ್ತಗಿನದು 4. 5 ಪಾಲಿಪ್ರೊಪಿಲೀನ್, ಪಾರ್ಸೆಲ್ ಡಬ್ಬಿ ಸಾಮಾನ್ಯವಾಗಿ ಇದೇ. 3 ಪಿವಿಸಿ, 6 ಥರ್ಮೋಕೋಲ್ ಜಾತಿ. 7 ಅಂದರೆ ಇತರೆ, ಕಲಸುಮೇಲೋಗರ.

ಇಲ್ಲಿಂದ ಮಾಲು ಧಾರಾವಿ ಕಡೆ ಹೋಗುತ್ತದೆ. ಅಲ್ಲಿನ ತೇರಾ ಕಂಪೌಂಡ್‌ನಲ್ಲಿ ಜಾತಿ ಬಣ್ಣ ನೋಡಿ ಬೇರೆ ಮಾಡುತ್ತಾರೆ, ಚೂರು ಮಾಡುತ್ತಾರೆ, ತೊಳೆದು ತಗಡಿನ ಮಾಡಿನ ಮೇಲೆ ಒಣಗಿಸುತ್ತಾರೆ, ಕರಗಿಸಿ ಕಾಳು ಮಾಡುತ್ತಾರೆ. ಭಂಗಾರ್‌ವಾಲಾ ವಾಪಸ್ ಕೊಟ್ಟದ್ದಕ್ಕೆ ಈ ದಾರಿ ಇಲ್ಲ. ಅದು ಕಚರಾ ಗಾಡಿ ಹತ್ತಿ ಡಂಪಿಂಗ್ ಗ್ರೌಂಡಿಗೆ ಹೋಗುತ್ತದೆ, ಇಲ್ಲವೇ ನಾಲೆಗೆ. ದೇವನಾರ್‌ನಲ್ಲಿ 1927ರಿಂದ ಕಸ ಸುರಿಯುತ್ತಿದ್ದಾರೆ. 2016ರ ಜನವರಿಯಲ್ಲಿ ಅದಕ್ಕೆ ಬೆಂಕಿ ಬಿದ್ದಾಗ ದಿನಗಟ್ಟಲೆ ಊರ ಮೇಲೆ ಹೊಗೆ ನಿಂತಿತ್ತು.

ಆ ದಿನದಿಂದ ನನ್ನ ನಿಯಮ ಸರಳ: ಭಂಗಾರ್‌ವಾಲಾ ತೆಗೆದುಕೊಳ್ಳದ್ದನ್ನು ನಾನೂ ಆದಷ್ಟು ತೆಗೆದುಕೊಳ್ಳುವುದಿಲ್ಲ. ಅಂಗಡಿಯಲ್ಲಿ ಎರಡು ವಸ್ತು ಎದುರಿಗಿದ್ದಾಗ ಪ್ಯಾಕೆಟ್ಟಿನ ಹಿಂದಿರುವ ಹಸಿರು ಎಲೆಯ ಚಿತ್ರ ನೋಡುವುದಕ್ಕಿಂತ, ಇದನ್ನು ಅವನು ತೂಗುತ್ತಾನಾ ಅಂತ ಕೇಳಿಕೊಳ್ಳುವುದು ಲೇಸು.

ಮೂರನೇ ಹೆಜ್ಜೆ: ಚೀಲ ಎಲ್ಲಿರಬೇಕೋ ಅಲ್ಲಿರಲಿ

ಬಟ್ಟೆ ಚೀಲ ಇಲ್ಲದ ಮನೆ ಇಲ್ಲ. ಮದುವೆ, ಉಪನಯನ, ಸಂಘದ ವಾರ್ಷಿಕೋತ್ಸವ ಎಲ್ಲೆಡೆ ಅದನ್ನೇ ಕೊಡುತ್ತಾರೆ. ನಮ್ಮ ಕಪಾಟಿನಲ್ಲೇ ಮೂವತ್ತಿದ್ದವು. ಪೇಟೆಗೆ ಹೋದಾಗ ಮಾತ್ರ ಒಂದೂ ಕೈಯಲ್ಲಿರುತ್ತಿರಲಿಲ್ಲ. ಕಪಾಟಿನಲ್ಲಿರುವ ಚೀಲ ಚೀಲವೇ ಅಲ್ಲ.

ಹಾಗಾಗಿ ಮೂರು ಜಾಗ ಗೊತ್ತು ಮಾಡಿ. ಒಂದು, ಮುಂಬಾಗಿಲ ಹತ್ತಿರ ಚಪ್ಪಲಿ ಸ್ಟ್ಯಾಂಡ್ ಮೇಲಿನ ಕೊಕ್ಕೆ. ಎರಡು, ಆಫೀಸಿಗೆ ಒಯ್ಯುವ ಬ್ಯಾಗಿನ ಸೈಡ್ ಜೇಬು. ಮುಂಬಯಿಯವರು ತರಕಾರಿ ಕೊಳ್ಳುವುದು ಹೆಚ್ಚಾಗಿ ಸ್ಟೇಷನ್ನಿನಿಂದ ಮನೆಗೆ ಬರುವ ದಾರಿಯಲ್ಲಿ ತಾನೆ? ಮೂರು, ಗಾಡಿ ಇದ್ದರೆ ಸ್ಕೂಟರಿನ ಡಿಕ್ಕಿ. ತರಕಾರಿ ಖಾಲಿ ಮಾಡಿದ ಕೂಡಲೇ ಚೀಲ ಅದರ ಜಾಗಕ್ಕೆ ವಾಪಸ್ ಹೋಗಬೇಕು. ಅಡುಗೆಮನೆಯಲ್ಲಿ ಉಳಿದರೆ ಕೆಟ್ಟಿತು.

ಇನ್ನು ಮಾತಾಡುವ ಹೊತ್ತು. ತರಕಾರಿ ಮಾರುವ ಭಾಜಿವಾಲಾ ತಕ್ಕಡಿಯಿಂದ ಬೆಂಡೆಕಾಯಿ ಎತ್ತುವುದು, ಎಡಗೈಯಲ್ಲಿ ಚೀಲ ಎಳೆಯುವುದು, ಸುರಿಯುವುದು, ಗಂಟು ಹಾಕುವುದು, ನಾಲ್ಕೂ ಒಂದೇ ಬೀಸಿಗೆ ಆಗುತ್ತವೆ. ಗಂಟು ಬಿದ್ದ ಮೇಲೆ ಬೇಡ ಅಂದರೆ ಅವನು ಬಿಚ್ಚಿ ಸುರಿದು ಆ ಚೀಲ ಬಿಸಾಡುತ್ತಾನೆ. ಏನು ಬಂದ ಹಾಗಾಯಿತು? ಬೆಲೆ ಕೇಳುವಾಗಲೇ ನಿಮ್ಮ ಚೀಲ ಬಾಯಿ ಬಿಡಿಸಿ ಹಿಡಿಯಿರಿ. "ದಾದಾ, ಪಿಶವೀ ನಕೋ, ಯಾತ್ ಟಾಕಾ" (ಅಣ್ಣಾ, ಚೀಲ ಬೇಡ, ಇದರಲ್ಲಿ ಹಾಕಿ) ಅಂದರೆ ಸಾಕು. ಉತ್ತರದ ಭಯ್ಯಾ ಆದರೆ "ಥೈಲಿ ನಹೀ ಚಾಹಿಯೇ." ಎರಡು ವಾರ ಹೇಳಿ, ಮೂರನೇ ವಾರ ಅವನೇ ನಿಮ್ಮನ್ನು ನೋಡಿ ಚೀಲದ ಕಟ್ಟಿನಿಂದ ಕೈ ತೆಗೆಯುತ್ತಾನೆ.

ಕೊತ್ತಂಬರಿ, ಹಸಿಮೆಣಸು, ಟೊಮೆಟೊ ಎಲ್ಲ ಒಂದೇ ಚೀಲದಲ್ಲಿ ಕಲಸಿಹೋಗುತ್ತದೆ ಅಂತ ಅತ್ತೆ ಬೈದರು. ನ್ಯಾಯವೇ. ಹಳೆಯ ಮಲ್ ಪಂಚೆ ಹರಿದು ಆರು ಚಿಕ್ಕ ಚೀಲ ಹೊಲಿದೆ, ಬಾಯಿಗೆ ಲಾಡಿ. ತೆಳುವಾದ್ದರಿಂದ ತೂಕ ಹೆಚ್ಚಾಗುವುದಿಲ್ಲ. ಸೊಪ್ಪನ್ನು ಅದೇ ಚೀಲದಲ್ಲಿ ಸ್ವಲ್ಪ ಒದ್ದೆ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಜಾಸ್ತಿಯೇ ಬಾಳುತ್ತದೆ.

ಮಳೆಗಾಲಕ್ಕೆ ಕೊಡೆ ಚೀಲ

ಬಟ್ಟೆ ಚೀಲ ಕೈ ಕೊಡುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನೆನೆದರೆ ಮಣಭಾರ, ಎರಡು ದಿನವಾದರೂ ಒಣಗುವುದಿಲ್ಲ, ಆಮೇಲೆ ಮುಗ್ಗಲು ವಾಸನೆ. ನಾನು ಎರಡು ಮಳೆಗಾಲ ಸೋತೆ. ಮೂರನೆಯದರಲ್ಲಿ ನಮ್ಮವರ ಉದ್ದ ಕೋಲಿನ ಕೊಡೆ ಗಾಳಿಗೆ ಮಗುಚಿ ಕಡ್ಡಿ ಮುರಿಯಿತು. ಬಟ್ಟೆ ಮಾತ್ರ ಹೊಸದರ ಹಾಗಿತ್ತು.

ಕೊಡೆಯ ಬಟ್ಟೆಯನ್ನು ಕಡ್ಡಿಗಳ ತುದಿಗೆ ದಾರದಲ್ಲಿ ಹೊಲಿದಿರುತ್ತಾರೆ, ನಡುವೆಯೂ ಅಲ್ಲಲ್ಲಿ ಒಂದೊಂದು ಗಂಟು ಇರುತ್ತದೆ. ಬ್ಲೇಡಿನಿಂದ ಆ ದಾರ ಕೊಯ್ದರೆ, ಮೇಲಿನ ಮೊನೆಯ ಮುಚ್ಚಳ ತೆಗೆದರೆ, ಬಟ್ಟೆ ಪೂರ್ತಿ ಬಿಡುತ್ತದೆ. ಎಂಟು ಹೋಳು ಸೇರಿದ ಒಂದು ದೊಡ್ಡ ಚಕ್ರ. ಅದರ ನಡುವಿನಿಂದ 15 ಅಂಗುಲ ಅಗಲ, 34 ಅಂಗುಲ ಉದ್ದದ ಪಟ್ಟಿ ಕತ್ತರಿಸಿ. ಎರಡಾಗಿ ಮಡಚಿ ಎರಡೂ ಬದಿ ಹೊಲಿಯಿರಿ. ಕೋಲು ಹೋಗುವ ತೂತು ಸರಿಯಾಗಿ ಚೀಲದ ತಳಕ್ಕೆ ಬರುತ್ತದೆ, ಗಾಬರಿ ಬೇಡ, ಅದೇ ಬಟ್ಟೆಯ ತೇಪೆ ಒಳಗೊಂದು ಹೊರಗೊಂದು ಹಾಕಿ. ಉಳಿದ ಹೋಳುಗಳಿಂದ ಮೂರು ಅಂಗುಲದ ಪಟ್ಟಿ ಕತ್ತರಿಸಿ, ಮಡಚಿ, ಹಿಡಿ ಮಾಡಿ. ಹಿಡಿ ಕೂರಿಸುವಲ್ಲಿ ಒಂದು ಚೌಕ ಹೊಲಿಗೆ, ಅದರ ನಡುವೆ ಮೂಲೆಯಿಂದ ಮೂಲೆಗೆ ಅಡ್ಡ ಹೊಲಿಗೆ. ಇಲ್ಲದಿದ್ದರೆ ಎರಡು ಕಿಲೋ ಬಟಾಟೆಗೆ ಕಿತ್ತು ಬರುತ್ತದೆ. ನನ್ನ ಮೊದಲ ಚೀಲ ಸ್ಟೇಷನ್ ಮೆಟ್ಟಿಲ ಮೇಲೆ ಹಾಗೇ ಕಿತ್ತುಬಂದು, ಬಟಾಟೆ ಉರುಳಿದ್ದನ್ನು ಇಡೀ ಮುಲುಂಡ್ ನೋಡಿದೆ. ಹೊಲಿಗೆ ಬಾರದವರು ಬ್ಲೌಸ್ ಹೊಲಿಯುವ ಟೈಲರ್‌ಗೆ ಕೊಟ್ಟರೆ ಹತ್ತು ನಿಮಿಷದ ಕೆಲಸ.

ಈ ಚೀಲ ಕೊಡವಿದರೆ ಒಣಗುತ್ತದೆ, ಮಡಚಿದರೆ ಮುಷ್ಟಿಯಲ್ಲಿ ಅಡಗುತ್ತದೆ. ಕೊಡೆಯ ಬಟ್ಟೆಯೂ ಒಂದು ಜಾತಿ ಪ್ಲಾಸ್ಟಿಕ್ಕೇ, ನಿಜ. ಆದರೆ ಅದು ಆಗಲೇ ಮನೆಯಲ್ಲಿತ್ತು.

ಬಟ್ಟೆ ಅಂತ ಕೊಡುವುದೆಲ್ಲ ಬಟ್ಟೆಯಲ್ಲ

ಸೀರೆ ಅಂಗಡಿಯಲ್ಲಿ, ಮಿಠಾಯಿ ಅಂಗಡಿಯಲ್ಲಿ ಮೆತ್ತಗಿನ ಬಣ್ಣದ ಚೀಲ ಕೊಡುತ್ತಾರೆ. ಮುಟ್ಟಿದರೆ ಬಟ್ಟೆಯ ಹಾಗೆ, ಬೆಳಕಿಗೆ ಹಿಡಿದರೆ ಚುಕ್ಕಿ ಚುಕ್ಕಿ ಒತ್ತಿದ ಗುರುತು. ಅದನ್ನು ನೇಯ್ದಿರುವುದಿಲ್ಲ, ಪಾಲಿಪ್ರೊಪಿಲೀನ್ ಎಳೆಗಳನ್ನು ಬಿಸಿಯಲ್ಲಿ ಒತ್ತಿ ಅಂಟಿಸಿರುತ್ತಾರೆ. ಅನುಮಾನ ಇದ್ದರೆ ಅಂಚಿನಿಂದ ಒಂದು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪ್ಲಾಸ್ಟಿಕ್ಕಾದರೆ ಮುದುಡಿ, ಕರಗಿ, ಗಟ್ಟಿ ಮಣಿಯಾಗುತ್ತದೆ. ಮಣಿ ಬಿಸಿಯಿರುತ್ತದೆ, ಬೆರಳಲ್ಲಿ ಮುಟ್ಟಬೇಡಿ.

"ಮಣ್ಣಲ್ಲಿ ಕರಗುವ ಚೀಲ" ಅಂತ ಮಾರುವವರೂ ಇದ್ದಾರೆ. ನಿಜವಾದ ಗೊಬ್ಬರವಾಗುವ ಚೀಲಕ್ಕೆ ಐಎಸ್ 17088 ಎಂಬ ಮಾನದಂಡ ಇದೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕು. ಅಂಥದ್ದೂ ಕರಗುವುದು ದೊಡ್ಡ ಗೊಬ್ಬರ ಘಟಕದ ಕಾವಿನಲ್ಲಿ. ಸಮುದ್ರದಲ್ಲೋ ನಾಲೆಯಲ್ಲೋ ಬಿದ್ದರೆ ಅದೂ ಸುಮಾರು ಕಾಲ ಬಿದ್ದೇ ಇರುತ್ತದೆ.

ಕಾನೂನು ಇಷ್ಟು ತಿಳಿದಿದ್ದರೆ ಸಾಕು. 2005ರ ಜುಲೈ 26ರಂದು ಸಾಂತಾಕ್ರೂಝ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಊರು ಮುಳುಗಿತು. ನಾಲೆಗಳಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲಗಳ ಮಾತು ಜೋರಾಗಿ ಎದ್ದದ್ದು ಆಗಲೇ. 2018ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಚೀಲ, ಥರ್ಮೋಕೋಲ್, ಒಮ್ಮೆ ಬಳಸುವ ತಟ್ಟೆ ಲೋಟಗಳಿಗೆ ನಿಷೇಧ ಹೇರಿತು. ಮೊದಲ ಸಲ ಸಿಕ್ಕಿಬಿದ್ದರೆ ದಂಡ 5,000 ರೂಪಾಯಿ, ಎರಡನೇ ಸಲ 10,000, ಮೂರನೇ ಸಲ 25,000 ಮತ್ತು ಮೂರು ತಿಂಗಳ ಜೈಲು. ದೇಶಕ್ಕೆಲ್ಲ ಅನ್ವಯಿಸುವ ಕೇಂದ್ರದ ನಿಷೇಧ 2022ರ ಜುಲೈ 1ರಿಂದ ಬಂತು: ಸ್ಟ್ರಾ, ಪ್ಲಾಸ್ಟಿಕ್ ಚಮಚ, ಕಿವಿಕಡ್ಡಿ, ಬಲೂನಿನ ಕಡ್ಡಿ, ಮಿಠಾಯಿ ಡಬ್ಬಕ್ಕೆ ಸುತ್ತುವ ಹಾಳೆ ಎಲ್ಲ ಅದರಲ್ಲಿವೆ. ಕೇಂದ್ರದ ನಿಯಮದಂತೆ ಕೈಚೀಲ 120 ಮೈಕ್ರಾನ್‌ಗಿಂತ ತೆಳುವಿರಬಾರದು, ಮತ್ತು ತಯಾರಕರ ಹೆಸರು, ದಪ್ಪ ಎರಡರ ವಿವರವೂ ಸಿಗಬೇಕು. ಭಾಜಿ ಗಲ್ಲಿಯ ಚೀಲದಲ್ಲಿ ಇವನ್ನು ಹುಡುಕಿ ನೋಡಿ. ನಾನು ಹುಡುಕಿ ಸೋತಿದ್ದೇನೆ.

ನಾಲ್ಕನೇ ಹೆಜ್ಜೆ: ಹಾಲು, ಹಿಟ್ಟು, ಮೀನು

ದಿನಕ್ಕೆ ಎರಡು ಅರ್ಧ ಲೀಟರಿನ ಪೊಟ್ಟಣ ಅಂದರೆ ವರ್ಷಕ್ಕೆ 730. ಲೀಟರ್ ಪೊಟ್ಟಣ ತಂದರೆ ಅದು 365 ಆಗುತ್ತದೆ, ಬೇರೆ ಏನೂ ಮಾಡಬೇಕಿಲ್ಲ. ಹತ್ತಿರದ ಡೇರಿಯಲ್ಲಿ ಬಿಡಿ ಹಾಲು ಸಿಕ್ಕರೆ ಸ್ಟೀಲ್ ಕ್ಯಾನ್ ಒಯ್ಯಿರಿ, ತಂದ ಕೂಡಲೇ ಚೆನ್ನಾಗಿ ಕಾಯಿಸಿ. ಮೊಸರನ್ನು ಮಾತ್ರ ಪ್ಲಾಸ್ಟಿಕ್ ಕಪ್ಪಿನಲ್ಲಿ ತರುವುದಕ್ಕೆ ಕಾರಣವೇ ಇಲ್ಲ. ಮುಂಬಯಿಯ ಸೆಕೆಗೆ ರಾತ್ರಿ ಹೆಪ್ಪು ಹಾಕಿದರೆ ಬೆಳಿಗ್ಗೆ ಕತ್ತಿಯಲ್ಲಿ ಕೊಯ್ಯುವ ಹಾಗೆ ಆಗಿರುತ್ತದೆ.

ಪೊಟ್ಟಣ ಕತ್ತರಿಸುವಾಗ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ. ಆ ಕಡಲೆಕಾಳಿನಷ್ಟು ಚೂರು ಯಾರ ಕೈಗೂ ಸಿಗುವುದಿಲ್ಲ, ಸಿಂಕಿನಿಂದ ನೇರ ಗಟಾರಕ್ಕೆ. ಒಂದು ಚಿಕ್ಕ ಗೀರು ಹಾಕಿ, ಚೂರು ಪೊಟ್ಟಣಕ್ಕೇ ಅಂಟಿಕೊಂಡಿರಲಿ. ತೊಳೆದು, ಕಿಟಕಿಯ ಗ್ರಿಲ್ಲಿಗೆ ಕ್ಲಿಪ್ ಹಾಕಿ ಒಣಗಿಸಿ. ವಾಸನೆ ಬರುವ ಒದ್ದೆ ಪೊಟ್ಟಣವನ್ನು ಭಂಗಾರ್‌ವಾಲಾ ಮೂಸಿಯೂ ನೋಡುವುದಿಲ್ಲ.

ಹಿಟ್ಟಿಗೆ ನಮ್ಮ ಊರಲ್ಲಿ ಒಂದು ಸೊಗಸಾದ ಏರ್ಪಾಟು ಈಗಲೂ ಉಳಿದಿದೆ, ಚಕ್ಕಿ, ಅಂದರೆ ಹಿಟ್ಟಿನ ಗಿರಣಿ. ಸಾಲಾಗಿ ಇಟ್ಟ ಸ್ಟೀಲ್ ಡಬ್ಬಗಳು, ಮುಚ್ಚಳದ ಮೇಲೆ ಪೇಂಟಿನಲ್ಲಿ ಬರೆದ ಹೆಸರು. ಬಿಡಿ ಗೋಧಿ ಕೊಂಡು ಡಬ್ಬದಲ್ಲಿ ಹಾಕಿ ಕೊಟ್ಟರೆ ಸಂಜೆಗೆ ಬೆಚ್ಚಗಿನ ಹಿಟ್ಟು. ಪ್ಯಾಕೆಟ್ ಹಿಟ್ಟಿನ ಚಪಾತಿ ಆಮೇಲೆ ಸೇರುವುದಿಲ್ಲ, ಅದೊಂದು ತೊಂದರೆ ಇದೆ.

ಮೀನು ತಿನ್ನುವವರಿಗೆ ಒಂದು ಮಾತು. ಕಪ್ಪು ಚೀಲದಲ್ಲಿ ಬಂಗುಡೆ ತಂದರೆ ಆ ಚೀಲವನ್ನು ಯಾರೂ ತೊಳೆಯುವುದಿಲ್ಲ, ನಾಯಿ ಎಳೆಯುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಒಯ್ಯಿರಿ. "ಮಾವ್ಶಿ, ಡಬ್ಯಾತ್ ಘಾಲಾ" (ಚಿಕ್ಕಮ್ಮಾ, ಡಬ್ಬಿಯಲ್ಲಿ ಹಾಕಿ) ಅಂದರೆ ಮೀನು ಮಾರುವ ಕೋಳಿ ಸಮುದಾಯದ ಹೆಂಗಸರು ನಗುತ್ತಲೇ ಹಾಕಿಕೊಡುತ್ತಾರೆ. ಕೋಳಿಮಾಂಸದ ಅಂಗಡಿಯಲ್ಲಿ ಡಿಜಿಟಲ್ ತಕ್ಕಡಿ ಇದ್ದರೆ ಖಾಲಿ ಡಬ್ಬಿ ಇಟ್ಟು ಸೊನ್ನೆ ಮಾಡಿಸಿ, ಆಮೇಲೆ ತುಂಬಿಸಿ. ಇಲ್ಲದಿದ್ದರೆ ಸ್ಟೀಲಿಗೂ ಕೋಳಿಯ ಬೆಲೆ ಕೊಡುತ್ತೀರಿ.

ಐದನೇ ಹೆಜ್ಜೆ: ಪಾರ್ಸೆಲ್ ಮತ್ತು ಚಹಾ

ಬಿಸಿ ಸಾಂಬಾರನ್ನು ತೆಳು ಪ್ಲಾಸ್ಟಿಕ್ಕಿಗೆ ಸುರಿದು ದಾರ ಸುತ್ತಿ ಕೊಡುವುದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ತೊಳಸುತ್ತದೆ. ಮುಂಬಯಿಯ ಉಡುಪಿ ಹೋಟೆಲುಗಳು ನಮ್ಮವರದ್ದೇ ತಾನೆ? ಸಂಕೋಚ ಬಿಟ್ಟು ಟಿಫಿನ್ ಕ್ಯಾರಿಯರ್ ಒಯ್ಯಿರಿ. ಮಾಟುಂಗದಲ್ಲಿ ನಾನು ಮೊದಲ ಸಲ ಮೂರು ಡಬ್ಬಿಯ ಕ್ಯಾರಿಯರ್ ಗಲ್ಲೆಯ ಮೇಲಿಟ್ಟಾಗ ಅಲ್ಲಿ ಕೂತಿದ್ದ ಹಿರಿಯರು, "ಎಷ್ಟು ವರ್ಷ ಆಯ್ತು ಮಾರಾಯ್ರೆ ಇದನ್ನು ನೋಡಿ" ಅಂದು ಒಳಗೆ ಕೂಗಿ ಹೇಳಿದರು. ಸಾಂಬಾರು ಡಬ್ಬಿಯ ಕುತ್ತಿಗೆವರೆಗೆ ಬಂತು. ಪಾರ್ಸೆಲ್ ಚಾರ್ಜ್ ಬಿಲ್ಲಿನಲ್ಲಿ ಬಂದಿದ್ದರೆ ತೆಗೆಸುವುದು ಮರೆಯಬೇಡಿ. ಮೊಬೈಲಲ್ಲಿ ಆರ್ಡರ್ ಮಾಡುವಾಗ ಚಮಚ, ಟಿಶ್ಯೂ ಬೇಡ ಅನ್ನುವ ಗುಂಡಿ ಒತ್ತಿ. ಅದಕ್ಕಿಂತ ಹೆಚ್ಚು ಆ ದಾರಿಯಲ್ಲಿ ಮಾಡಲಾಗುವುದಿಲ್ಲ.

ಮಧ್ಯಾಹ್ನದ ಊಟಕ್ಕಂತೂ ಈ ಊರು ಜಗತ್ತಿಗೇ ದಾರಿ ತೋರಿಸಿದೆ. 1890ರಿಂದ ಡಬ್ಬಾವಾಲಾಗಳು ಅದೇ ಡಬ್ಬವನ್ನು ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ ತಿರುಗಿಸುತ್ತಿದ್ದಾರೆ.

ಕಾಗದದ ಲೋಟ ಒಳ್ಳೆಯದು ಅಂತ ನಂಬಿದ್ದರೆ ಬಿಡಿ. ಅದರ ಒಳಗೋಡೆಗೆ ತೆಳು ಪಾಲಿಥೀನ್ ಪದರ ಇರುತ್ತದೆ, ಇಲ್ಲದಿದ್ದರೆ ಚಹಾ ಸೋರುತ್ತದಲ್ಲ. 2020ರಲ್ಲಿ ಐಐಟಿ ಖರಗ್‌ಪುರದವರು ಪರೀಕ್ಷೆ ಮಾಡಿ, ಬಿಸಿ ಪಾನೀಯ 15 ನಿಮಿಷ ಇದ್ದರೆ 100 ಮಿಲಿಲೀಟರಿಗೆ ಸುಮಾರು 25,000 ಪ್ಲಾಸ್ಟಿಕ್ ಕಣ ಬಿಡುತ್ತದೆ ಅಂತ ಕಂಡರು. ಕಟಿಂಗ್ ಚಹಾ ಗಾಜಿನ ಲೋಟದಲ್ಲೇ ಕುಡಿಯಿರಿ. ಆಫೀಸಿನಲ್ಲಿ ಒಂದು ಪಿಂಗಾಣಿ ಮಗ್ ಇಟ್ಟುಕೊಳ್ಳಿ. ನೀರಿಗೆ ಸ್ಟೀಲ್ ಬಾಟಲಿ, ಅದರ ಬಗ್ಗೆ ಹೇಳುವುದೇನೂ ಉಳಿದಿಲ್ಲ.

ನಾನು ಮಾಡಿದ ತಪ್ಪು

ಉತ್ಸಾಹದಲ್ಲಿ ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಗಳನ್ನೆಲ್ಲ ತೆಗೆದುಹಾಕಿ ಒಂದು ಡಜನ್ ಗಾಜಿನ ಭರಣಿ ತಂದೆ. ನೋಡಲು ಚೆಂದ. ಮೂರು ತಿಂಗಳಲ್ಲಿ ಐದು ಒಡೆದವು. ಒಂದರ ಜೊತೆ ಅರ್ಧ ಕಿಲೋ ಉದ್ದಿನಬೇಳೆಯೂ ಹೋಯಿತು, ಗಾಜಿನ ಚೂರು ಬಿದ್ದ ಬೇಳೆ ಯಾರು ತಿನ್ನುತ್ತಾರೆ? ಇರುವ ಡಬ್ಬ ಎಸೆಯುವುದರಿಂದ ಪ್ಲಾಸ್ಟಿಕ್ ಕಡಿಮೆ ಆಗುವುದಿಲ್ಲ, ಕಸ ಜಾಸ್ತಿ ಆಗುತ್ತದೆ. ಬಿಸಿ ಪದಾರ್ಥ, ಎಣ್ಣೆ, ಉಪ್ಪಿನಕಾಯಿ ಮಾತ್ರ ಸ್ಟೀಲಿಗೋ ಭರಣಿಗೋ ಹೋಗಲಿ. ಹಳೆಯ ಡಬ್ಬಗಳಲ್ಲಿ ಗುಂಡಿ, ಸೂಜಿದಾರ, ಬೀಗದ ಕೈ ಇಟ್ಟುಕೊಳ್ಳಿ.

ಹೊಸದು ಬೇಕಾದಾಗ ಭಾಂಡೀವಾಲಿ ಬರುತ್ತಾಳೆ. ಮೊದಲು ಹಳೆ ಸೀರೆ ಕೊಟ್ಟರೆ ಸ್ಟೀಲ್ ಪಾತ್ರೆ ಕೊಡುತ್ತಿದ್ದಳು, ಈಗ ಮೊದಲು ಮುಂದೆ ಮಾಡುವುದು ಬಣ್ಣದ ಟಬ್ಬು. ಹಟ ಮಾಡಿ ಸ್ಟೀಲೇ ಕೇಳಿ. ಎರಡು ಸೀರೆ ಜಾಸ್ತಿ ಹೋಗಬಹುದು.

ಬಚ್ಚಲುಮನೆಯದು ಚಿಕ್ಕ ಲೆಕ್ಕ. ಬಾಡಿವಾಶ್ ಬದಲು ಸಾಬೂನು. ಶಾಂಪೂ ಸ್ಯಾಶೆ ಬದಲು ದೊಡ್ಡ ಬಾಟಲಿ. ಮೈ ಉಜ್ಜಲು ಒಣಗಿದ ತುಪ್ಪದ ಹೀರೆಯ ನಾರು. ಸ್ಯಾನಿಟರಿ ಪ್ಯಾಡಿನಲ್ಲಿ ಹೆಚ್ಚಿನ ಪಾಲು ಪ್ಲಾಸ್ಟಿಕ್ಕೇ. ಒಗ್ಗುವವರಿಗೆ ಸಿಲಿಕೋನ್ ಕಪ್ಪು ವರ್ಷಗಟ್ಟಲೆ ಬಾಳುತ್ತದೆ, ಒಗ್ಗದವರು ತಮಗೆ ಅನುಕೂಲವಾದದ್ದನ್ನೇ ಬಳಸಲಿ. ಈ ವಿಷಯದಲ್ಲಿ ಇನ್ನೊಬ್ಬರ ಮೇಲೆ ಒತ್ತಾಯ ಸಲ್ಲದು.

ಆರನೇ ಹೆಜ್ಜೆ: "ಕಸ ಹಾಕೋಕೆ ಚೀಲ ಬೇಕಲ್ವಾ?"

ಎಲ್ಲರೂ ಕೇಳುವ ಪ್ರಶ್ನೆ. ಪ್ಲಾಸ್ಟಿಕ್ ಚೀಲ ಬಿಡದಿರಲು ಇದೇ ಕೊನೆಯ ನೆಪ. ಕಸದ ಬುಟ್ಟಿಗೆ ಚೀಲ ಬೇಕಾಗುವುದು ಕಸದಲ್ಲಿ ನೀರಿರುವುದರಿಂದ. ಸಿಂಕಿನಲ್ಲಿ ಒಂದು ಜರಡಿ ಇಡಿ. ಚಹಾ ಚರಟ, ತರಕಾರಿ ಸಿಪ್ಪೆ, ಉಳಿದ ಅನ್ನ ಎಲ್ಲ ಮೊದಲು ಅಲ್ಲಿ ಸೋರಲಿ. ಬುಟ್ಟಿಯ ತಳಕ್ಕೆ ಎರಡು ಹಾಳೆ ಪೇಪರು ಅಡ್ಡಡ್ಡ ಹಾಸಿ, ಅಂಚು ಹೊರಗೆ ಮಡಚಿ. ಬೆಳಿಗ್ಗೆ ಕಚರಾವಾಲಾ ಬಂದಾಗ ಹಸಿ ಕಸವನ್ನು ಪೇಪರಿನ ಸಮೇತ ಅವನ ಡ್ರಮ್ಮಿಗೆ ಬಗ್ಗಿಸಿ, ಬುಟ್ಟಿ ತೊಳೆದು ಬಿಸಿಲಿಗಿಡಿ. ಚೀಲದಲ್ಲಿ ಕಟ್ಟಿಕೊಟ್ಟರೆ ಹಸಿ ಕಸ ಗೊಬ್ಬರ ಆಗುವುದಿಲ್ಲ, ಅದನ್ನು ಬಿಚ್ಚಬೇಕಾದವನು ಅವನೇ.

ಹಬ್ಬದ ದಿನಗಳಲ್ಲಿ ದೇವರ ಹೂವಿನ ಕಡೆ ಗಮನವಿರಲಿ. ಮಾಟುಂಗದ ಹೂವಿನ ಅಂಗಡಿಗಳಲ್ಲಿ ಎಲೆಯಲ್ಲಿ ಕಟ್ಟಿಕೊಡಿ ಅಂದರೆ ಕೊಡುತ್ತಾರೆ, ಕೇಳದಿದ್ದರೆ ಪ್ಲಾಸ್ಟಿಕ್. ಬಾಳೆಲೆಯೂ ಅಲ್ಲೇ ಸಿಗುತ್ತದೆ. ಚೌತಿಗೆ ನಾಲ್ಕು ಜನ ಬಂದರೆ ಸುಮ್ನೆ ಎಲೆ ಹಾಕಿ, ತಟ್ಟೆ ತೊಳೆಯುವುದೂ ತಪ್ಪಿತು.

ಊರಿಂದ ಬರುವಾಗ

ಕುರ್ಲಾ ಟರ್ಮಿನಸ್‌ನಲ್ಲಿ ಮಂಗಳೂರಿನ ಮತ್ಸ್ಯಗಂಧ ರೈಲು ಬಂದು ನಿಂತಾಗ ಇಳಿಯುವ ಸಾಮಾನು ನೋಡಿ. ಹಳೆಯ ನೀರಿನ ಬಾಟಲಿಯಲ್ಲಿ ತೆಂಗಿನೆಣ್ಣೆ, ಪ್ಲಾಸ್ಟಿಕ್ ಚೀಲದಲ್ಲಿ ಹಪ್ಪಳ, ಅದರ ಮೇಲೆ ಇನ್ನೊಂದು ಚೀಲ, ಸೋರದಿರಲಿ ಅಂತ ಮೂರನೆಯದು. ಈಗ ನಾನು ಹೋಗುವಾಗಲೇ ಐದು ಲೀಟರಿನ ಸ್ಟೀಲ್ ಕ್ಯಾನ್ ಖಾಲಿ ಒಯ್ಯುತ್ತೇನೆ. ಮುಚ್ಚಳದ ಕೆಳಗೆ ಒಂದು ತುಂಡು ಬಾಳೆಲೆ ಬಾಡಿಸಿ ಬಿಗಿದರೆ ಮಂಗಳೂರಿಂದ ಮುಲುಂಡ್‌ವರೆಗೆ ಒಂದು ಹನಿ ಹೊರಗೆ ಬರುವುದಿಲ್ಲ. ಕುಚ್ಚಲಕ್ಕಿಗೆ ಗೋಣಿ, ಹಪ್ಪಳಕ್ಕೆ ಹಳೆ ಬಿಸ್ಕತ್ತಿನ ತಗಡಿನ ಡಬ್ಬ. ರೈಲಿನ ಊಟಕ್ಕೆ ಬಾಳೆಲೆಯಲ್ಲಿ ಕಟ್ಟಿದ ಚಿತ್ರಾನ್ನ, ಮೇಲೆ ಪೇಪರು.

ಆ 163 ಚೀಲಗಳು ಏನಾದವು ಅಂತ ಕೇಳುತ್ತೀರಿ. ದಪ್ಪಗಿನ, ಚೊಕ್ಕ ಚೀಲಗಳನ್ನು ಸ್ಟೇಷನ್ ಹತ್ತಿರದ ಹಣ್ಣಿನವನಿಗೆ ಕೊಟ್ಟೆ, ಅವನು ಖುಷಿಯಿಂದ ತೆಗೆದುಕೊಂಡ. ಕೆಲವು ಹಾಲಿನ ಪೊಟ್ಟಣಗಳ ಜೊತೆ ಭಂಗಾರ್‌ವಾಲಾನ ತಕ್ಕಡಿ ಹತ್ತಿದವು. ಉಳಿದ ತೆಳುವಿನವು ಮಳೆಗಾಲದಲ್ಲಿ ಮೀನಿನ ಕಸ ಕಟ್ಟಲು ಒಂದೊಂದಾಗಿ ಖರ್ಚಾಗುತ್ತಿವೆ. ಮೊಳೆಯನ್ನು ಸಿಮೆಂಟು ಹಾಕಿ ಮತ್ತೆ ಹೊಡೆಸಿದ್ದೇವೆ. ಅಕ್ಕಿ ಚೀಲದಲ್ಲಿ ಈಗ 11 ಇವೆ.